ದುಡಿಮೆಯ ಭಾರವನ್ನು ಅಳೆಯುವ ಬಗೆ

ಕೂಲಿಯಾಳು ಎಷ್ಟು ದುಡಿದನೆಂಬುದನ್ನು ನಮ್ಮಲ್ಲಿ ಮೂಟೆಗಳ ಲೆಕ್ಕದಲ್ಲಿ ಇಲ್ಲವೆ ಹೊತ್ತಿನ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಕಾರ್ಖಾನೆಗಳಲ್ಲಿ ಅದನ್ನು ಪಾಳಿಯ ಲೆಕ್ಕದಲ್ಲಿ ಹೇಳುತ್ತಾರೆ. ಕೂಲಿಯನ್ನು ಬಟವಾಡೆ ಮಾಡುವುದಕ್ಕೆ ಈ ಲೆಕ್ಕಗಳು ಸಾಕು. ಆದರೆ ಆ ದುಡಿಮೆಯು ದುಡಿದವರ ಸೊಂಟದ ಮೇಲೆ, ಮಂಡಿಯ ಮೇಲೆ, ಹೃದಯದ ಮೇಲೆ ಎಷ್ಟು ಭಾರವನ್ನು ಹೇರಿತು ಎಂಬುದನ್ನು ಅವು ತಿಳಿಸಲಾರವು. ಐವತ್ತು ಕಿಲೋಗ್ರಾಂ ತೂಕದ ಒಂದೇ ಚೀಲವು ಒಬ್ಬನ ಬೆನ್ನಿಗೆ ಮುನ್ನೂರು ಕಿಲೋಗ್ರಾಮಿನಷ್ಟೂ ಇನ್ನೊಬ್ಬನ ಬೆನ್ನಿಗೆ ಐನೂರು ಕಿಲೋಗ್ರಾಮಿಗೆ ಮೇಲ್ಪಟ್ಟೂ ಭಾರವಾಗಬಲ್ಲದು. ಇದು ಹೇಗೆ ಎಂಬುದನ್ನು ತಿಳಿಸುವ ಶಾಸ್ತ್ರಕ್ಕೆ ಜೀವಯಂತ್ರಶಾಸ್ತ್ರವೆಂದು ಹೆಸರು. ಯಂತ್ರಗಳಿಗೆ ಅನ್ವಯಿಸುವ ಬಲದ ನಿಯಮಗಳನ್ನು ಮನುಷ್ಯನ ಎಲುಬು, ಕೀಲು, ಸ್ನಾಯುಗಳಿಗೆ ಅನ್ವಯಿಸಿ ನೋಡುವುದೇ ಇದರ ಕೆಲಸ.

ನಂಜನಗೂಡು ತಾಲ್ಲೂಕಿನ ತಾಂಡ್ಯ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗಳಿಗೆ ಈ ವಿಷಯವು ವಿಶೇಷವಾಗಿ ಸಂಬಂಧಿಸಿದ್ದಾಗಿದೆ. ಇಲ್ಲಿ ಒಂದೇ ಮನೆಯಲ್ಲಿ ಎರಡು ಬಗೆಯ ದುಡಿಮೆಯನ್ನು ಕಾಣಬಹುದು. ಗಂಡನು ಕಾರ್ಖಾನೆಯ ಉಗ್ರಾಣದಲ್ಲಿ ಚೀಲಗಳನ್ನು ಲಾರಿಗೆ ಏರಿಸುವವನು; ಹೆಂಡತಿಯು ಕಬಿನಿ ಅಥವಾ ಕಾವೇರಿ ನೀರಿನ ಗದ್ದೆಯಲ್ಲಿ ನಾಟಿ ಹಾಕುವವಳು, ಇಲ್ಲವೆ ತಿರುಮಕೂಡಲು ನರಸೀಪುರದ ಕಡೆಯಲ್ಲಿ ರೇಷ್ಮೆ ನೂಲು ಬಿಚ್ಚುವವಳು. ಸಂಜೆ ಇಬ್ಬರಿಗೂ ಸೊಂಟನೋವು. ಗಂಡನ ನೋವಿಗೆ ಚೀಲ ಕಾರಣವೆಂದು ಎಲ್ಲರೂ ಒಪ್ಪುತ್ತಾರೆ. ಹೆಂಡತಿಯ ಕೈಯಲ್ಲಿದ್ದುದು ಪೈರಿನ ಒಂದು ಸಣ್ಣ ಹಿಡಿ ಮಾತ್ರ. ಆಕೆಯ ನೋವನ್ನು ಮನೆಯವರೂ ಕೆಲವು ವೇಳೆ ವೈದ್ಯರೂ ವಯಸ್ಸಿನ ಮೇಲೆ ಇಲ್ಲವೆ ಹೆರಿಗೆಯ ಮೇಲೆ ಹೊರಿಸಿಬಿಡುತ್ತಾರೆ. ಅಳತೆ ಮಾಡಿ ನೋಡಿದರೆ ಈ ತೀರ್ಪು ನಿಲ್ಲುವುದಿಲ್ಲ. ಆರೋಗ್ಯ ಸಹಾಯಕರು, ಆಶಾ ಕಾರ್ಯಕರ್ತೆಯರು, ಕಾರ್ಖಾನೆಯ ಚಿಕಿತ್ಸಾ ಕೊಠಡಿಯ ದಾದಿಯರು ಮತ್ತು ಕಾರ್ಮಿಕ ಪ್ರತಿನಿಧಿಗಳು ಇಂತಹ ಅಳತೆಯನ್ನು ತಾವೇ ಮಾಡಲು ಅನುಕೂಲವಾಗಲೆಂದು ಈ ಪಾಠವನ್ನು ಬರೆಯಲಾಗಿದೆ.

ಶರೀರದೊಳಗಿನ ಸನ್ನೆ

ಭಾರವಾದ ಕಲ್ಲನ್ನು ಮೀಟುವಾಗ ನಾವು ಉದ್ದವಾದ ಹಾರೆಯನ್ನು ಹುಡುಕುತ್ತೇವೆ. ಆನಿಕೆಯಿಂದ ನಮ್ಮ ಕೈ ದೂರವಿದ್ದಷ್ಟೂ ಕೆಲಸ ಹಗುರವೆಂಬುದು ಅನುಭವದಿಂದ ತಿಳಿದ ಸಂಗತಿ. ನಮ್ಮ ಶರೀರದಲ್ಲಿ ಈ ವ್ಯವಸ್ಥೆಯು ತಲೆಕೆಳಗಾಗಿದೆ. ಇಲ್ಲಿ ಭಾರವು ಆನಿಕೆಯಿಂದ ದೂರದಲ್ಲಿದೆ, ಎಳೆಯುವ ಸ್ನಾಯುವು ಆನಿಕೆಗೆ ಅಂಟಿಕೊಂಡಂತೆ ಹತ್ತಿರದಲ್ಲಿದೆ. ಆದುದರಿಂದ ಸ್ನಾಯುವು ಹೊರಗಿನ ಭಾರದ ಹಲವು ಪಟ್ಟು ಬಲದಿಂದ ಎಳೆಯಬೇಕಾಗುತ್ತದೆ. ಇದನ್ನು ಮೊದಲು ಲೆಕ್ಕ ಹಾಕಿ ತೋರಿಸಿದವನು ಇಟಲಿಯ ಗಣಿತಜ್ಞ ಬೊರೆಲ್ಲಿ. ಪ್ರಾಣಿಗಳ ಚಲನೆಯನ್ನು ಕುರಿತ ಅವನ ಗ್ರಂಥವು 1680-81ರಲ್ಲಿ ಪ್ರಕಟವಾಯಿತು. ಅದೇ ದೇಶದ ವೈದ್ಯ ರಾಮಝಿನಿಯು 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆ ಬರೆದ ಗ್ರಂಥವು ಔದ್ಯೋಗಿಕ ವೈದ್ಯಕ್ಕೆ ಅಡಿಗಲ್ಲಾಯಿತು. ಈ ಎರಡು ದಾರಿಗಳು ಒಂದಾದದ್ದು ಮಾತ್ರ ಇಪ್ಪತ್ತನೆಯ ಶತಮಾನದಲ್ಲಿ.

ಬೆನ್ನುಮೂಳೆಯು ಮಣಿಗಳ ಸರದಂತಿದೆ. ಮಣಿ ಮಣಿಗಳ ನಡುವೆ ಮೆತ್ತೆಯಂತಹ ಡಿಸ್ಕ್‌ಗಳಿವೆ. ಸೊಂಟದ ಐದನೆಯ ಮಣಿಗೂ ಅದರ ಕೆಳಗಿನ ತ್ರಿಕಾಸ್ಥಿಗೂ ನಡುವೆ ಇರುವ ಡಿಸ್ಕ್ ಎಲ್ಲಕ್ಕಿಂತ ಹೆಚ್ಚಿನ ಭಾರವನ್ನು ಹೊರುವ ಸ್ಥಾನಗಳಲ್ಲಿ ಒಂದು. ನಾವು ಮುಂದಕ್ಕೆ ಬಾಗಿದಾಗ ಇದೇ ಆನಿಕೆಯಾಗುತ್ತದೆ. ಅದರ ಹಿಂದೆ ಸುಮಾರು 5 ಸೆಂಟಿಮೀಟರ್ ಅಂತರದಲ್ಲಿ ಬೆನ್ನಿನ ಸ್ನಾಯುಗಳು ಹಗ್ಗದಂತೆ ಮೇಲಿನ ದೇಹವನ್ನು ಹಿಡಿದೆಳೆಯುತ್ತಿರುತ್ತವೆ.

ಈಗ ಒಂದು ಲೆಕ್ಕವನ್ನು ಮಾಡಿ ನೋಡೋಣ. 55 ಕಿಲೋಗ್ರಾಂ ತೂಕದ ಒಬ್ಬ ಹಮಾಲಿಯು ನೆಲದ ಮೇಲಿರುವ 50 ಕಿಲೋಗ್ರಾಂ ಚೀಲವನ್ನು ಎತ್ತಲು ಬಾಗಿದ್ದಾನೆ. ಸೊಂಟಕ್ಕಿಂತ ಮೇಲಿರುವ ಅವನ ತಲೆ, ತೋಳು, ಮುಂಡಗಳ ತೂಕವನ್ನು 30 ಕಿಲೋಗ್ರಾಂ ಎಂದಿಟ್ಟುಕೊಳ್ಳಬಹುದು. ಬಾಗಿದ ಸ್ಥಿತಿಯಲ್ಲಿ ಈ ತೂಕದ ಕೇಂದ್ರವು ಆ ಡಿಸ್ಕಿನಿಂದ 25 ಸೆಂಟಿಮೀಟರ್ ಮುಂದಿದೆ. ಚೀಲವು 40 ಸೆಂಟಿಮೀಟರ್ ಮುಂದಿದೆ. ತೂಕವನ್ನು ದೂರದಿಂದ ಗುಣಿಸಿದರೆ ಬರುವುದು ತಿರುಗುಬಲ. ದೇಹದ್ದು 30 ಗುಣಿಸು 25, ಅಂದರೆ 750. ಚೀಲದ್ದು 50 ಗುಣಿಸು 40, ಅಂದರೆ 2000. ಒಟ್ಟು 2750. ಈ ತಿರುಗುಬಲವನ್ನು ಕೇವಲ 5 ಸೆಂಟಿಮೀಟರ್ ಹಿಂದಿರುವ ಸ್ನಾಯುವೇ ತಡೆಯಬೇಕಾದುದರಿಂದ 2750ನ್ನು 5ರಿಂದ ಭಾಗಿಸಬೇಕು. ಉತ್ತರವು 550 ಕಿಲೋಗ್ರಾಂ. ಸ್ನಾಯುವು ಇಷ್ಟು ಬಲದಿಂದ ಎಳೆದಾಗ ಡಿಸ್ಕ್ ಅಷ್ಟೇ ಬಲದಿಂದ ಒತ್ತಲ್ಪಡುತ್ತದೆ.

ಅದೇ ಹಮಾಲಿಯು ಚೀಲವನ್ನು ಮೈಗೆ ತಾಗುವಂತೆ ಹತ್ತಿರಕ್ಕೆ ಎಳೆದುಕೊಂಡು, ಬೆನ್ನನ್ನು ಹೆಚ್ಚು ಬಾಗಿಸದೆ ಎತ್ತಿದನೆಂದು ತಿಳಿಯೋಣ. ದೇಹದ ತೂಕದ ಕೇಂದ್ರವು 12 ಸೆಂಟಿಮೀಟರಿಗೂ ಚೀಲವು 25 ಸೆಂಟಿಮೀಟರಿಗೂ ಬಂದವು. 360 ಕೂಡಿಸು 1250, ಒಟ್ಟು 1610. ಐದರಿಂದ ಭಾಗಿಸಿದರೆ ಸುಮಾರು 320 ಕಿಲೋಗ್ರಾಂ. ಚೀಲ ಅದೇ, ಮನುಷ್ಯ ಅವನೇ. ಆದರೆ ಸ್ನಾಯುವಿನ ಎಳೆತದಲ್ಲಿ 230 ಕಿಲೋಗ್ರಾಂ ಇಳಿಯಿತು. ಇನ್ನು ಚೀಲವನ್ನು ಅರ್ಧ ಮಾಡಿ 25 ಕಿಲೋಗ್ರಾಂಗೆ ಇಳಿಸಿ, ಆದರೆ ಮೊದಲಿನಂತೆ 40 ಸೆಂಟಿಮೀಟರ್ ದೂರದಲ್ಲಿಟ್ಟು ಬಾಗಿ ಎತ್ತಿದರೆ ಎಷ್ಟಾಗುತ್ತದೆ? 750 ಕೂಡಿಸು 1000, ಐದರಿಂದ ಭಾಗಿಸಿದರೆ 350. ಅಂದರೆ ದೂರದಲ್ಲಿರುವ ಅರ್ಧ ಚೀಲವು ಹತ್ತಿರದಲ್ಲಿರುವ ಇಡೀ ಚೀಲಕ್ಕಿಂತ ಕಡಿಮೆ ಎಳೆತವನ್ನೇನೂ ಕೇಳುವುದಿಲ್ಲ. ಈ ಪಾಠದಲ್ಲಿ ಒಂದು ಸಂಗತಿಯನ್ನು ಮಾತ್ರ ನೆನಪಿನಲ್ಲಿಡಲು ಸಾಧ್ಯವಾದರೆ ಇದನ್ನು ಇಟ್ಟುಕೊಳ್ಳಬೇಕು. ತಕ್ಕಡಿಯು ತೂಕವನ್ನು ತೋರಿಸುತ್ತದೆ, ದೂರವನ್ನು ತೋರಿಸುವುದಿಲ್ಲ.

ಈ ಲೆಕ್ಕವು ಸ್ಥೂಲವಾದುದು. ಮೇಲಿನ ದೇಹ ಮತ್ತು ಚೀಲಗಳ ನೇರ ತೂಕವು ಡಿಸ್ಕಿನ ಮೇಲೆ ಬೀಳುವುದನ್ನು ಇಲ್ಲಿ ಸೇರಿಸಿಲ್ಲ. ಬೆನ್ನು ನೆಟ್ಟಗಿದ್ದಷ್ಟೂ ಅದು ಹೆಚ್ಚಾಗಿ ಕೂಡಿಕೊಳ್ಳುತ್ತದೆ. ಉಸಿರು ಬಿಗಿಹಿಡಿದಾಗ ಹೊಟ್ಟೆಯೊಳಗಿನ ಒತ್ತಡವು ಬೆನ್ನಿಗೆ ಕೊಂಚ ಆಸರೆಯಾಗಬಹುದು, ಅದನ್ನೂ ಬಿಟ್ಟಿದ್ದೇವೆ. ಚೀಲವನ್ನು ಥಟ್ಟನೆ ಜಗ್ಗಿ ಎತ್ತಿದರೆ ಬಲವು ಇನ್ನೂ ಏರುತ್ತದೆ. ಆದಾಗ್ಯೂ ಎರಡು ಕೆಲಸಗಳನ್ನು ಒಂದಕ್ಕೊಂದು ಹೋಲಿಸುವುದಕ್ಕೆ ಇಷ್ಟು ನಿಖರತೆಯು ಸಾಕು. ಸ್ವೀಡನ್ನಿನ ನಾಕೆಮ್ಸನ್ ಎಂಬ ವೈದ್ಯವಿಜ್ಞಾನಿಯು 1960ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕಿನೊಳಕ್ಕೆ ಸೂಜಿಯನ್ನಿಳಿಸಿ ಒತ್ತಡವನ್ನು ನೇರವಾಗಿ ಅಳೆದನು. ಬಾಗಿದಾಗ ಒತ್ತಡವು ಏರುವುದು, ಬಾಗಿ ಭಾರವನ್ನು ಹಿಡಿದಾಗ ಇನ್ನಷ್ಟು ಏರುವುದು ಆ ಪ್ರಯೋಗಗಳಿಂದ ಪ್ರತ್ಯಕ್ಷವಾಯಿತು.

ಎಷ್ಟು ಒತ್ತಡ ಸಹ್ಯ, ಎಷ್ಟು ಅಸಹ್ಯ? ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು (ನಿಯೋಶ್) 1981ರಲ್ಲಿ ಇದಕ್ಕೆ 3400 ನ್ಯೂಟನ್ ಎಂಬ ಗಡಿಯನ್ನು ಹಾಕಿತು. ನಮ್ಮ ಲೆಕ್ಕಕ್ಕೆ ಇದು ಸುಮಾರು 350 ಕಿಲೋಗ್ರಾಂ. ಇದನ್ನು ಮೀರಿದರೆ ಮರುದಿನವೇ ಡಿಸ್ಕ್ ಜಾರುವುದೆಂದು ಅರ್ಥವಲ್ಲ. ಕೆಲವು ಕಾರ್ಮಿಕರಿಗೆ ಅಪಾಯವು ಆರಂಭವಾಗುತ್ತದೆ ಎಂದು ಅರ್ಥ. ಮೇಲಿನ ಹಮಾಲಿಯು ಮೊದಲ ಬಗೆಯಲ್ಲಿ ಎತ್ತಿದಾಗ ಈ ಗಡಿಯನ್ನು ಬಹಳ ದೂರ ದಾಟಿದ್ದಾನೆ. ಎರಡನೆಯ ಬಗೆಯಲ್ಲಿಯೂ ನೇರ ತೂಕವನ್ನು ಕೂಡಿಸಿದರೆ ಗಡಿಯು ದಾಟಿಯೇ ಹೋಗುತ್ತದೆ. ಮಂಡಿಯನ್ನು ಮಡಚಿ ಭಾರವನ್ನೆತ್ತಿರಿ ಎಂಬ ಗೋಡೆಯ ಮೇಲಿನ ಚಿತ್ರಪಟವು 50 ಕಿಲೋಗ್ರಾಂ ಚೀಲವನ್ನು ನಿರಪಾಯವಾಗಿ ಮಾಡಲಾರದು ಎಂಬುದನ್ನು ಈ ಉತ್ತರವು ತಿಳಿಸುತ್ತದೆ. ಅಲ್ಲದೆ ಚೀಲವು ಅಗಲವಾಗಿದ್ದು ಎರಡು ಮಂಡಿಗಳ ನಡುವೆ ಹಿಡಿಸದಿದ್ದರೆ, ಮಂಡಿ ಮಡಚುವುದರಿಂದ ಚೀಲವು ಸೊಂಟದಿಂದ ಇನ್ನೂ ದೂರಕ್ಕೆ ಹೋಗುತ್ತದೆ. ಮಂಡಿಗೂ ಕಷ್ಟ, ಸೊಂಟಕ್ಕೂ ಲಾಭವಿಲ್ಲ. ಚಿತ್ರಪಟವನ್ನು ಬರೆಯಿಸುವವರು ಚೀಲವನ್ನು ಸಾಮಾನ್ಯವಾಗಿ ಪುಟ್ಟ ಪೆಟ್ಟಿಗೆಯಾಗಿ ಚಿತ್ರಿಸುವುದರಿಂದ ಈ ತೊಡಕು ಕಣ್ಣಿಗೆ ಬೀಳುವುದಿಲ್ಲ.

ಅಳೆಯುವ ಕ್ರಮ

ಇದಕ್ಕೆ ಪ್ರಯೋಗಶಾಲೆಯು ಅವಶ್ಯವಿಲ್ಲ. ಅಳತೆಯ ಟೇಪು, ಸ್ಪ್ರಿಂಗ್ ತಕ್ಕಡಿ, ಗಾರೆ ಕೆಲಸದವರ ತೂಗುಗುಂಡು, ಸೆಕೆಂಡು ಮುಳ್ಳುಳ್ಳ ಗಡಿಯಾರ ಮತ್ತು ಚಿತ್ರ ತೆಗೆಯಬಲ್ಲ ಮೊಬೈಲ್ ದೂರವಾಣಿ ಇದ್ದರೆ ಸಾಕು. ಇಬ್ಬರು ಸೇರಿ ಅಳೆಯುವುದು ಉತ್ತಮ. ಅಳೆಯುವ ಮೊದಲು ಕಾರ್ಮಿಕನಿಗೆ ಉದ್ದೇಶವನ್ನು ತಿಳಿಸಿ ಒಪ್ಪಿಗೆಯನ್ನು ಪಡೆಯತಕ್ಕದ್ದು. ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತವರನ್ನು ಕಂಡರೆ ಕೂಲಿ ಕಡಿಮೆ ಮಾಡಲು ಬಂದವರೆಂದು ಶಂಕಿಸುವುದು ಸಹಜ. ಆ ಶಂಕೆ ಇರುವತನಕ ಅವನು ಮಾಮೂಲಿನಂತೆ ಕೆಲಸ ಮಾಡುವುದಿಲ್ಲ, ಅಳತೆಯೂ ಸರಿಬರುವುದಿಲ್ಲ.

ಕಾರ್ಮಿಕನ ಮಗ್ಗುಲಿನಿಂದ, ಅವನ ಸೊಂಟದ ಎತ್ತರದಲ್ಲಿ ದೂರವಾಣಿಯನ್ನು ಹಿಡಿದು ಚೀಲವು ನೆಲವನ್ನು ಬಿಡುವ ಕ್ಷಣದ ಚಿತ್ರವನ್ನು ತೆಗೆಯಬೇಕು. ಓರೆಯಾಗಿ ತೆಗೆದ ಚಿತ್ರದಲ್ಲಿ ದೂರಗಳು ಕುಗ್ಗಿ ಕಾಣುತ್ತವೆ. ಚಿತ್ರದೊಳಗೆ ಒಂದು ಮೀಟರ್ ಉದ್ದದ ಕೋಲನ್ನು ನಿಲ್ಲಿಸಿಟ್ಟರೆ ಅದರ ಆಧಾರದಿಂದ ಉಳಿದ ದೂರಗಳನ್ನು ಲೆಕ್ಕ ಹಾಕಬಹುದು. ಭುಜ, ಸೊಂಟ, ಮಂಡಿ, ಕಣಕಾಲುಗಳ ಮೇಲೆ ಬಟ್ಟೆಗೆ ಬಣ್ಣದ ಬಿಲ್ಲೆಗಳನ್ನು ಅಂಟಿಸಿದರೆ ಕೀಲುಗಳನ್ನು ಗುರುತಿಸುವುದು ಸುಲಭ. ಅನಂತರ ಟೇಪಿನಿಂದ ಅಳೆಯಬೇಕಾದುವು: ಕಣಕಾಲುಗಳ ನಡುವಣ ಬಿಂದುವಿನಿಂದ ಕೈಗಳವರೆಗಿನ ಅಡ್ಡ ದೂರ (ಕೈಯಿಂದ ತೂಗುಗುಂಡನ್ನು ಇಳಿಬಿಟ್ಟು ಇದನ್ನು ನೆಲದ ಮೇಲೆಯೇ ಅಳೆಯಬಹುದು), ಎತ್ತುವಾಗ ಕೈಗಳು ಇದ್ದ ಎತ್ತರ, ಇಳಿಸುವಾಗ ಇದ್ದ ಎತ್ತರ. ಮೈಯನ್ನು ಪಕ್ಕಕ್ಕೆ ಎಷ್ಟು ತಿರುಚುತ್ತಾನೆಂಬುದನ್ನು, ನಿಮಿಷಕ್ಕೆ ಎಷ್ಟು ಬಾರಿ ಎತ್ತುತ್ತಾನೆಂಬುದನ್ನು, ಚೀಲಕ್ಕೆ ಹಿಡಿಯಿದೆಯೇ ಇಲ್ಲವೇ ಎಂಬುದನ್ನು ಬರೆದುಕೊಳ್ಳಬೇಕು. ಎಣಿಕೆಯನ್ನು ಹದಿನೈದು ನಿಮಿಷ ಪೂರ್ತಿ ಮಾಡತಕ್ಕದ್ದು. ಮೊದಲ ಎರಡು ನಿಮಿಷದ ಹುಮ್ಮಸ್ಸನ್ನು ನೋಡಿ ಇಡೀ ಪಾಳಿಯನ್ನು ಊಹಿಸಬಾರದು.

ಮೇಲೆ ಹೇಳಿದ ನಿಯೋಶ್ ಸಂಸ್ಥೆಯು ಈ ಅಳತೆಗಳನ್ನೆಲ್ಲ ಒಂದೇ ಸೂತ್ರದಲ್ಲಿ ಕೂಡಿಸಿದೆ. 1991ರಲ್ಲಿ ಪರಿಷ್ಕೃತವಾದ ಈ ಸೂತ್ರವು 23 ಕಿಲೋಗ್ರಾಂನಿಂದ ಆರಂಭವಾಗುತ್ತದೆ. ಎಲ್ಲ ಅನುಕೂಲವೂ ಇದ್ದಾಗ ಎತ್ತಬಹುದಾದ ಭಾರವಿದು. ಅನುಕೂಲ ತಪ್ಪಿದಂತೆಲ್ಲ ಇದನ್ನು ಒಂದಕ್ಕಿಂತ ಕಡಿಮೆಯ ಸಂಖ್ಯೆಗಳಿಂದ ಗುಣಿಸುತ್ತ ಇಳಿಸಲಾಗುತ್ತದೆ. ನಮ್ಮ ಹಮಾಲಿಯ ಕೈಗಳು 40 ಸೆಂಟಿಮೀಟರ್ ಮುಂದಿವೆ: 25ನ್ನು 40ರಿಂದ ಭಾಗಿಸಿದಾಗ 0.625. ಕೈಗಳು ನೆಲದಿಂದ 15 ಸೆಂಟಿಮೀಟರ್ ಎತ್ತರದಲ್ಲಿವೆ. ಅನುಕೂಲದ ಎತ್ತರ 75, ಆದುದರಿಂದ 0.82. ಲಾರಿಯ ಹಲಗೆಯವರೆಗೆ 105 ಸೆಂಟಿಮೀಟರ್ ಏರಿಸಬೇಕು: 0.86. ಮೈಯನ್ನು 45 ಡಿಗ್ರಿ ತಿರುಚುತ್ತಾನೆ: 0.86. ನಿಮಿಷಕ್ಕೆ ಎರಡು ಬಾರಿಯಂತೆ ಪಾಳಿಯುದ್ದಕ್ಕೂ ಎತ್ತಿದರೆ 0.65. ಚೀಲಕ್ಕೆ ಹಿಡಿಯಿಲ್ಲ: 0.90. ಎಲ್ಲವನ್ನೂ ಗುಣಿಸಿದರೆ ಸುಮಾರು 5 ಕಿಲೋಗ್ರಾಂ ಉಳಿಯುತ್ತದೆ. ಎತ್ತುತ್ತಿರುವುದು 50. ಹತ್ತು ಪಟ್ಟು!

ಈಗ ಅದೇ ಕೆಲಸವನ್ನು ಬದಲಿಸಿ ಅಳೆಯೋಣ. ಚೀಲಗಳನ್ನು ನೆಲದ ಮೇಲೆ ಒಟ್ಟದೆ 75 ಸೆಂಟಿಮೀಟರ್ ಎತ್ತರದ ಕಟ್ಟೆಯ ಮೇಲೆ ಒಟ್ಟಲಾಗಿದೆ, ಮೈಗೆ ತಾಗುವಂತೆ 25 ಸೆಂಟಿಮೀಟರಿಗೆ ಎಳೆದುಕೊಳ್ಳಬಹುದು, ತಿರುಚಬೇಕಾಗಿಲ್ಲ, ಏರಿಸಬೇಕಾದದ್ದು 45 ಸೆಂಟಿಮೀಟರ್ ಮಾತ್ರ. ಉತ್ತರವು 12 ಕಿಲೋಗ್ರಾಂಗೆ ಕೊಂಚ ಮೇಲಾಗುತ್ತದೆ. ಚೀಲವನ್ನೂ 25 ಕಿಲೋಗ್ರಾಂಗೆ ಇಳಿಸಿದರೆ ಹತ್ತು ಪಟ್ಟು ಇದ್ದ ಭಾರವು ಎರಡು ಪಟ್ಟಿಗೆ ಬಂತು. ಇನ್ನೂ ಹೆಚ್ಚೇ; ಆದರೆ ಒಂದು ಇಟ್ಟಿಗೆ ಕಟ್ಟೆಯಿಂದ ಇಷ್ಟು ಲಾಭವಾಯಿತೆಂಬುದನ್ನು ಮಾಲೀಕರ ಮುಂದಿಡಲು ಅಂಕಿಯೊಂದು ದೊರೆಯಿತು.

ಈ ಸೂತ್ರದ ಮಿತಿಯನ್ನೂ ತಿಳಿದಿರಬೇಕು. ಆ 23 ಕಿಲೋಗ್ರಾಂ ಅಮೆರಿಕದ ಕಾರ್ಮಿಕರನ್ನು ಪರೀಕ್ಷಿಸಿ ನಿಶ್ಚಯಿಸಿದ್ದು. ಅವರ ಗಂಡಸರಲ್ಲಿ ನೂರಕ್ಕೆ 99 ಮಂದಿಗೂ ಹೆಂಗಸರಲ್ಲಿ ನೂರಕ್ಕೆ 75 ಮಂದಿಗೂ ಅದು ಒಪ್ಪುವ ಭಾರವೆಂದು ಹೇಳಿದ್ದಾರೆ. ಎತ್ತರದಲ್ಲಿಯೂ ತೂಕದಲ್ಲಿಯೂ ಚಿಕ್ಕವರಾದ ನಮ್ಮ ಕಾರ್ಮಿಕರಿಗೆ ಅದನ್ನು ಉದಾರವಾದ ಅಂಕಿಯೆಂದೇ ಭಾವಿಸುವುದು ಮೇಲು.

ಕಾನೂನು ಈ ವಿಷಯದಲ್ಲಿ ತೂಕವನ್ನು ಮಾತ್ರ ನೋಡುತ್ತ ಬಂದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1967ರ ಶಿಫಾರಸು ವಯಸ್ಕ ಪುರುಷನೊಬ್ಬನಿಗೆ 55 ಕಿಲೋಗ್ರಾಂ ಎಂಬ ಮೇರೆಯನ್ನು ಹೇಳಿತು. ಭಾರತದ 1948ರ ಕಾರ್ಖಾನೆಗಳ ಕಾಯ್ದೆಯ 34ನೆಯ ಪ್ರಕರಣವು ಅಪಾಯವನ್ನುಂಟುಮಾಡುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದೆಂದು ವಿಧಿಸಿ, ತೂಕದ ಮಿತಿಯನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಬಿಟ್ಟಿತ್ತು. ಆ ಕಾಯ್ದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಳೆಯ ಕಾಯ್ದೆಯ ಮೂರನೆಯ ಅನುಸೂಚಿಯು ವರದಿ ಮಾಡಲೇಬೇಕಾದ ರೋಗಗಳನ್ನು ಪಟ್ಟಿ ಮಾಡಿತ್ತು. ಸೀಸದ ವಿಷ, ಸಿಲಿಕೋಸಿಸ್ ಮೊದಲಾದುವು ಅದರಲ್ಲಿದ್ದುವು, ಸೊಂಟನೋವು ಇರಲಿಲ್ಲ. ದಾಖಲೆಯಲ್ಲಿ ಬಾರದ ನೋವಿಗೆ ಪರಿಹಾರವನ್ನು ಕೇಳುವುದು ಕಷ್ಟ. ಅಳತೆಯ ಪ್ರಯೋಜನವು ಇಲ್ಲಿಯೇ ಇದೆ.

ಭಾರವಿಲ್ಲದ ಭಾರ

ಇನ್ನು ನಾಟಿಯ ಹೆಣ್ಣುಮಗಳ ವಿಷಯ. ಆಕೆಯ ತೂಕ 45 ಕಿಲೋಗ್ರಾಂ, ಸೊಂಟದ ಮೇಲಿನ ಭಾಗದ ತೂಕ 25 ಕಿಲೋಗ್ರಾಂ, ಬಾಗಿದಾಗ ಅದರ ಕೇಂದ್ರವು 25 ಸೆಂಟಿಮೀಟರ್ ಮುಂದೆ. ತಿರುಗುಬಲ 625, ಐದರಿಂದ ಭಾಗಿಸಿದರೆ 125 ಕಿಲೋಗ್ರಾಂ. ಕೈಯಲ್ಲಿ ಏನೂ ಇಲ್ಲದೆಯೇ ಇಷ್ಟು. ಇದು ಗಡಿಗಿಂತ ಬಹಳ ಕಡಿಮೆಯಲ್ಲವೇ ಎಂದು ವಾಚಕರು ಕೇಳಬಹುದು. ಕಡಿಮೆಯೇ ಸರಿ, ಆದರೆ ಹಮಾಲಿಯ ಒತ್ತಡವು ಕೆಲವು ಸೆಕೆಂಡುಗಳದು, ಇದು ಗಂಟೆಗಳದು. ಅಷ್ಟೇ ಅಲ್ಲ, ಮನುಷ್ಯನು ಪೂರ್ತಿಯಾಗಿ ಬಾಗಿದಾಗ ಬೆನ್ನಿನ ಸ್ನಾಯುಗಳು ಕೆಲಸವನ್ನು ನಿಲ್ಲಿಸಿ ಮೌನವಾಗುತ್ತವೆಂಬುದನ್ನು 1950ರ ದಶಕದಲ್ಲಿ ಫ್ಲಾಯ್ಡ್ ಮತ್ತು ಸಿಲ್ವರ್ ಎಂಬ ಸಂಶೋಧಕರು ಸ್ನಾಯುಗಳ ವಿದ್ಯುತ್ತನ್ನು ಅಳೆದು ತೋರಿಸಿದರು. ಆಗ ಭಾರವೆಲ್ಲ ಕಶೇರುಕಗಳನ್ನು ಬಿಗಿದಿರುವ ಅಸ್ಥಿಬಂಧಗಳ ಮೇಲೆ ಬೀಳುತ್ತದೆ. ಬಹಳ ಹೊತ್ತು ಜಗ್ಗಿದ ರಬ್ಬರ್ ಪಟ್ಟಿಯಂತೆ ಅವು ಸಡಿಲಗೊಳ್ಳುತ್ತವೆ, ಮತ್ತೆ ಬಿಗಿಯಾಗಲು ಸಮಯ ಬೇಕು. ನಾಟಿಯವರು ಸಾಲು ಮುಗಿಸಿ ನೆಟ್ಟಗೆ ನಿಂತು ಸೊಂಟಕ್ಕೆ ಕೈಯಿಡುವುದು ಸೋಮಾರಿತನವಲ್ಲ, ಶರೀರವು ಕೇಳುವ ಚಿಕಿತ್ಸೆ. ಆ ಸಡಿಲವಾದ ಸೊಂಟದಲ್ಲಿಯೇ ಕೂಡಲೆ ಸಸಿಯ ಕಟ್ಟನ್ನೋ ನೀರಿನ ಕೊಡವನ್ನೋ ಎತ್ತಿದಾಗ ಪೆಟ್ಟಾಗುವ ಸಂಭವ ಹೆಚ್ಚು. ಗದ್ದೆಯಿಂದ ಬಂದವಳು ಕೆಲವು ನಿಮಿಷ ನಡೆದಾಡಿ ಅನಂತರ ಕೊಡವನ್ನೆತ್ತುವುದು ಲೇಸು. ಆ ಹೊತ್ತಿನಲ್ಲಿ ಕೊಡವನ್ನು ಮನೆಯಲ್ಲಿರುವ ಬೇರೆಯವರು ಎತ್ತಿದರೆ ಇನ್ನೂ ಲೇಸು.

ಇಂತಹ ಕೆಲಸವನ್ನು ಅಳೆಯಲು ತಕ್ಕಡಿಯು ಉಪಯೋಗಕ್ಕೆ ಬಾರದು. ಫಿನ್ಲೆಂಡಿನ ಉಕ್ಕಿನ ಕಾರ್ಖಾನೆಯೊಂದರಲ್ಲಿ 1970ರ ದಶಕದಲ್ಲಿ ರೂಪಿಸಿದ ಭಂಗಿಗಳ ವಿಧಾನವು ಇಲ್ಲಿ ಹೊಂದುತ್ತದೆ. ಅದಕ್ಕೆ ಓವಾಸ್ ಎಂದು ಹೆಸರು. ಅರ್ಧ ನಿಮಿಷಕ್ಕೊಮ್ಮೆ ತಲೆಯೆತ್ತಿ ನೋಡಿ ಆ ಕ್ಷಣದ ಭಂಗಿಯನ್ನು ಅಂಕಿಗಳಲ್ಲಿ ಗುರುತಿಸುವುದು ಇದರ ಕ್ರಮ: ಬೆನ್ನಿಗೆ ನಾಲ್ಕು ಭಂಗಿಗಳು, ತೋಳುಗಳಿಗೆ ಮೂರು, ಕಾಲುಗಳಿಗೆ ಏಳು, ಭಾರಕ್ಕೆ ಮೂರು ಅಂತಸ್ತುಗಳು. ನೂರು ಬಾರಿ ನೋಡಿದಾಗ ಎಂಬತ್ತು ಬಾರಿ ಬೆನ್ನು ಬಾಗಿತ್ತೆಂದರೆ, ಆ ಹೆಣ್ಣುಮಗಳು ಪಾಳಿಯ ಐದರಲ್ಲಿ ನಾಲ್ಕು ಭಾಗವನ್ನು ಬಾಗಿಯೇ ಕಳೆದಳೆಂದು ತಿಳಿಯುತ್ತದೆ. ರೇಷ್ಮೆ ಬಿಚ್ಚುವವರ ಕೆಲಸದಲ್ಲಿ ಬೆನ್ನಿಗಿಂತ ಕೊರಳು, ಭುಜ, ಮಣಿಕಟ್ಟುಗಳೇ ಮುಖ್ಯ. ಬಿಸಿನೀರಿನಲ್ಲಿ ಎಳೆಯ ತುದಿಯನ್ನು ಹುಡುಕುವಾಗ ಬೇಕಾದ ಬಲವು ಅತ್ಯಲ್ಪ, ಆವೃತ್ತಿ ಮಾತ್ರ ಲೆಕ್ಕವಿಲ್ಲದಷ್ಟು. ಇದಕ್ಕೆ 1993ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ರೂಲಾ ಎಂಬ ಪಟ್ಟಿಯು ಹೆಚ್ಚು ಉಪಯುಕ್ತ.

ತಲೆಹೊರೆಯ ಬಗ್ಗೆ ಒಂದು ಮಾತು. ಸಿಂಬೆಯ ಮೇಲೆ ನೆಟ್ಟಗೆ ಕುಳಿತ ಕೊಡವು ಬೆನ್ನುಮೂಳೆಗೆ ನೇರ ಮೇಲಿರುವುದರಿಂದ ಸೊಂಟದಲ್ಲಿ ತಿರುಗುಬಲವನ್ನು ಬಹುಮಟ್ಟಿಗೆ ಉಂಟುಮಾಡುವುದಿಲ್ಲ. ಕೀನ್ಯಾ ದೇಶದ ಹೆಂಗಸರು ತಮ್ಮ ಮೈತೂಕದ ಐದನೆಯ ಒಂದು ಭಾಗದಷ್ಟು ಹೊರೆಯನ್ನು ತಲೆಯ ಮೇಲೆ ಹೊತ್ತು ನಡೆದಾಗ ಅವರ ದೇಹವು ಹೆಚ್ಚಿನ ಶಕ್ತಿಯನ್ನು ವ್ಯಯಿಸಲಿಲ್ಲವೆಂದು 1986ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿ ವಿಜ್ಞಾನಿಗಳನ್ನು ಬೆರಗುಗೊಳಿಸಿತು. ನಮ್ಮ ಅಜ್ಜಿಯಂದಿರು ಕೊಡವನ್ನು ತಲೆಯ ಮೇಲಿಟ್ಟುದು ಸುಮ್ಮನೆಯಲ್ಲ. ಆದರೆ ಹೊರೆಯನ್ನು ತಲೆಗೆ ಏರಿಸುವ ಮತ್ತು ಇಳಿಸುವ ಎರಡು ಕ್ಷಣಗಳಲ್ಲಿ ಸೊಂಟಕ್ಕೆ ಬೀಳುವ ಪೆಟ್ಟು ಹಾಗೆಯೇ ಉಳಿಯುತ್ತದೆ, ಕೊರಳಿನ ಮೂಳೆಗಳೂ ಸವೆಯುತ್ತವೆ. ಇನ್ನೊಬ್ಬರು ಕೈಕೊಟ್ಟು ಹೊರಿಸುವ ಹಳೆಯ ಪದ್ಧತಿಯು ಸರಿಯಾದದ್ದು. ಒಂದೇ ಪಕ್ಕದ ಸೊಂಟದ ಮೇಲೆ ಕೊಡವನ್ನಿಟ್ಟು ನಡೆಯುವುದು ಬೆನ್ನನ್ನು ಇನ್ನೊಂದು ಪಕ್ಕಕ್ಕೆ ಬಾಗಿಸುವುದರಿಂದ ತಲೆಹೊರೆಗಿಂತ ಕೆಡುಕು.

ನಾಡಿಯ ಸಾಕ್ಷ್ಯ

ಬಲದ ಲೆಕ್ಕವು ಕೀಲುಗಳ ಭಾರವನ್ನು ಹೇಳಿದರೆ, ನಾಡಿಯು ಇಡೀ ದೇಹದ ಭಾರವನ್ನು ಹೇಳುತ್ತದೆ. ವರ್ಗೀಸ್, ಸಾಹಾ, ಆತ್ರೇಯ ಎಂಬ ಸಂಶೋಧಕರು 1994ರಲ್ಲಿ ಭಾರತದ ಮಹಿಳೆಯರಿಗಾಗಿಯೇ ಒಂದು ವರ್ಗೀಕರಣವನ್ನು ಪ್ರಕಟಿಸಿದರು. ಅದರಂತೆ ಕೆಲಸದ ವೇಳೆಯಲ್ಲಿ ನಾಡಿಯು ನಿಮಿಷಕ್ಕೆ 90ರವರೆಗೆ ಇದ್ದರೆ ಅತಿ ಹಗುರ, 105ರವರೆಗೆ ಹಗುರ, 120ರವರೆಗೆ ಮಧ್ಯಮ, 135ರವರೆಗೆ ಭಾರಿ, 150ರವರೆಗೆ ಅತಿ ಭಾರಿ. ಕೆಲಸವು ನಿಂತ ಕೂಡಲೆ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ತಡಮಾಡಿದರೆ ನಾಡಿಯು ಇಳಿದುಬಿಡುತ್ತದೆ.

ನಾಡಿಯನ್ನು ಓದುವಾಗ ರಕ್ತಹೀನತೆಯನ್ನು ಮರೆಯಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ರಕ್ತದಲ್ಲಿ ಪ್ರಾಣವಾಯುವನ್ನು ಒಯ್ಯುವ ಹಿಮೋಗ್ಲೋಬಿನ್ ಕಡಿಮೆಯಾದಾಗ ಹೃದಯವು ಅದೇ ಕೆಲಸಕ್ಕೆ ಹೆಚ್ಚು ಬಾರಿ ಮಿಡಿಯಬೇಕಾಗುತ್ತದೆ. ಹೀಗಾಗಿ ಪಕ್ಕಪಕ್ಕದ ಸಾಲಿನಲ್ಲಿ ಒಂದೇ ವೇಗದಿಂದ ನಾಟಿ ಹಾಕುವ ಇಬ್ಬರಲ್ಲಿ ಒಬ್ಬಳಿಗೆ ಕೆಲಸವು ಮಧ್ಯಮ, ಇನ್ನೊಬ್ಬಳಿಗೆ ಭಾರಿ. ಬೇಸಗೆಯ ಬಿಸಿಲೂ ನಾಡಿಯನ್ನು ಏರಿಸುತ್ತದೆ. ಆದುದರಿಂದ ಅಳೆದ ಹೊತ್ತನ್ನೂ ಹವೆಯನ್ನೂ ಬರೆದಿಡತಕ್ಕದ್ದು. ಕೆಲಸಕ್ಕೆ ತಕ್ಕುದಲ್ಲದ ಏರಿಕೆಯು ಕಂಡುಬಂದವರನ್ನು ರಕ್ತಪರೀಕ್ಷೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ಕಬ್ಬಿಣಾಂಶದ ಗುಳಿಗೆಯೂ ಒಂದರ್ಥದಲ್ಲಿ ದುಡಿಮೆಯ ಭಾರವನ್ನು ಇಳಿಸುವ ಸಾಧನವೇ.

ಗರ್ಭಿಣಿಯ ಲೆಕ್ಕ

ಗರ್ಭಿಣಿಯು ಭಾರವನ್ನು ಎತ್ತಬಾರದೆಂಬುದು ಎಲ್ಲರೂ ಹೇಳುವ ಮಾತು. ಏಕೆಂದು ಕೇಳಿದರೆ ಉತ್ತರಿಸುವವರು ಕಡಿಮೆ. ಸನ್ನೆಯ ಲೆಕ್ಕವು ಇದಕ್ಕೆ ನೇರವಾದ ಉತ್ತರವನ್ನು ಕೊಡುತ್ತದೆ. 15 ಲೀಟರ್ ನೀರಿನ ಕೊಡವನ್ನು ಸಾಮಾನ್ಯ ದಿನಗಳಲ್ಲಿ ಸೊಂಟದ ಡಿಸ್ಕಿನಿಂದ 25 ಸೆಂಟಿಮೀಟರ್ ದೂರದಲ್ಲಿ ಹಿಡಿಯಬಹುದು. ಕೊಡದ ತಿರುಗುಬಲ 375, ಅದಕ್ಕಾಗಿ ಸ್ನಾಯುವಿನ ಎಳೆತ 75 ಕಿಲೋಗ್ರಾಂ. ಎಂಟನೆಯ ತಿಂಗಳಲ್ಲಿ ಹೊಟ್ಟೆಯು ಅಡ್ಡ ಬರುವುದರಿಂದ ಅದೇ ಕೊಡವು 40 ಸೆಂಟಿಮೀಟರ್ ಮುಂದೆ ಹೋಗುತ್ತದೆ. ತಿರುಗುಬಲ 600, ಎಳೆತ 120 ಕಿಲೋಗ್ರಾಂ. ಕೊಡದಲ್ಲಿ ಒಂದು ಹನಿ ನೀರೂ ಹೆಚ್ಚಾಗಲಿಲ್ಲ, ಬೆನ್ನಿಗೆ 45 ಕಿಲೋಗ್ರಾಂ ಹೆಚ್ಚಿತು. ಇದರ ಜೊತೆಗೆ ಮಗುವಿನ ಮತ್ತು ಗರ್ಭಕೋಶದ ತೂಕವು ಮುಂದಕ್ಕೆ ಜಗ್ಗುತ್ತಿರುತ್ತದೆ. ಹೆರಿಗೆಗೆ ದಾರಿಯಾಗಲೆಂದು ದೇಹವು ಸ್ರವಿಸುವ ಚೋದಕಗಳು ಸೊಂಟದ ಅಸ್ಥಿಬಂಧಗಳನ್ನು ಸಡಿಲಗೊಳಿಸಿರುತ್ತವೆ. ಎಳೆತ ಹೆಚ್ಚಾದ ಕಾಲದಲ್ಲಿಯೇ ಹಗ್ಗಗಳು ಸಡಿಲ.

ಹೆರಿಗೆಯಾದ ಮೇಲೆ ಹೊಟ್ಟೆಯು ಕುಗ್ಗಿದರೂ ಈ ಹಗ್ಗಗಳು ಮತ್ತು ವಸ್ತಿಕುಹರದ ತಳದ ಸ್ನಾಯುಗಳು ಕೂಡಲೆ ಬಿಗಿಯಾಗುವುದಿಲ್ಲ. ಬಾಣಂತಿಯು ಬೇಗನೆ ಭಾರದ ಕೆಲಸಕ್ಕೆ ಇಳಿದರೆ ಮುಂದೆ ಗರ್ಭಕೋಶವು ಜಾರುವ ಸಂಭವ ಹೆಚ್ಚು. ಬಾಣಂತನವೆಂದು ಮನೆಯೊಳಗೆ ಉಳಿಸಿಕೊಳ್ಳುವ ನಮ್ಮ ರೂಢಿಯಲ್ಲಿ ಈ ಒಂದು ವಿವೇಕವಂತೂ ಇದೆ. ಕೂಲಿಯನ್ನೇ ನಂಬಿದ ಮನೆಗಳಲ್ಲಿ ಅದು ಮೊದಲು ಕೈಬಿಡುವ ರೂಢಿಯೂ ಆಗಿದೆ. ಗರ್ಭಿಣಿಯು ಕೇಳಿಕೊಂಡರೆ ಹೆರಿಗೆಯ ಮುಂಚಿನ ಗೊತ್ತಾದ ಅವಧಿಯಲ್ಲಿ ಆಕೆಗೆ ಶ್ರಮದ ಅಥವಾ ಬಹಳ ಹೊತ್ತು ನಿಲ್ಲುವ ಕೆಲಸವನ್ನು ಕೊಡಕೂಡದೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯು ವಿಧಿಸಿತ್ತು. ಆ ವಿಧಿಯು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ಗದ್ದೆಯಲ್ಲಿ ಕೂಲಿ ಮಾಡುವವಳಿಗೆ ಈ ರಕ್ಷಣೆಯನ್ನು ಕೇಳಲು ಕಚೇರಿಯೂ ಇಲ್ಲ, ಹಾಜರಿ ಪುಸ್ತಕವೂ ಇಲ್ಲ. ಅಲ್ಲಿ ಮನೆಯವರನ್ನೂ ಗದ್ದೆಯ ಯಜಮಾನರನ್ನೂ ಒಪ್ಪಿಸಬೇಕಾದವರು ಆರೋಗ್ಯ ಕಾರ್ಯಕರ್ತರೇ. ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡಗಳನ್ನು ಬರೆಯುವಾಗ ಈ ತಿಂಗಳು ಎಂಥ ಕೆಲಸ ಮಾಡುತ್ತೀರಮ್ಮ, ಎಷ್ಟು ಭಾರ ಎತ್ತುತ್ತೀರಿ ಎಂದು ಕೇಳಿ ತಿಳಿಯುವುದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ.

ಅಳೆದ ಮೇಲೆ

ಅಂಕಿಗಳು ದೊರೆತ ಮೇಲೆ ಬದಲಾವಣೆಗೆ ಆಸ್ಪದವಿರುವ ಕಡೆಗಳನ್ನು ಹುಡುಕಬೇಕು. ಚೀಲದ ಗಾತ್ರವನ್ನು ಇಳಿಸುವುದು ಅಸಾಧ್ಯವೆಂದು ಹೇಳುವವರಿದ್ದಾರೆ. ದೇಶದಲ್ಲಿ ಯೂರಿಯಾ ಗೊಬ್ಬರದ ಚೀಲವನ್ನು 2018ರಲ್ಲಿ 50ರಿಂದ 45 ಕಿಲೋಗ್ರಾಂಗೆ ಇಳಿಸಲಾಯಿತು. ಗೊಬ್ಬರವು ಮಿತವಾಗಿ ಬಳಕೆಯಾಗಲೆಂಬುದು ಅದರ ಉದ್ದೇಶವಾಗಿತ್ತೇ ಹೊರತು ಹಮಾಲಿಯ ಬೆನ್ನಲ್ಲ. ಆದರೂ ಗಾತ್ರವನ್ನು ಬದಲಿಸಬಹುದೆಂಬುದಕ್ಕೆ ಅದು ಉದಾಹರಣೆ. ಒಟ್ಟುವ ಕಟ್ಟೆಯನ್ನು ಎತ್ತರಿಸುವುದು, ಲಾರಿಯ ಹಲಗೆಯ ಮಟ್ಟಕ್ಕೆ ಜಗಲಿಯನ್ನು ಕಟ್ಟುವುದು, ಹೊರುವ ಬದಲು ಕೈಗಾಡಿಯಲ್ಲಿ ತಳ್ಳುವುದು ಅದಕ್ಕಿಂತ ಸುಲಭ. ಗಾಡಿಯ ವಿಷಯದಲ್ಲಿಯೂ ಅಳತೆ ಬೇಕು. ತುಂಬಿದ ಗಾಡಿಗೆ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸಿ ಎಳೆದು, ಗಾಡಿಯು ಅಲುಗುವಾಗ ಮುಳ್ಳು ಎಷ್ಟನ್ನು ತೋರಿಸಿತು ಎಂಬುದನ್ನು ನೋಡಬೇಕು. ಚಕ್ರಕ್ಕೆ ಎಣ್ಣೆ ಹಾಕಿ ಇನ್ನೊಮ್ಮೆ ನೋಡಿದರೆ ವ್ಯತ್ಯಾಸವು ತಾನಾಗಿಯೇ ತಿಳಿಯುತ್ತದೆ. ನೆಲದ ಗುಂಡಿಗಳನ್ನು ಮುಚ್ಚಿದ ಮೇಲೆ ಮತ್ತೊಮ್ಮೆ.

ಬದಲಾವಣೆಯಾದ ಮೇಲೆ ಅದೇ ಕಾರ್ಮಿಕನನ್ನು, ಅದೇ ಪಾಳಿಯಲ್ಲಿ, ಅದೇ ಟೇಪಿನಿಂದ ಇನ್ನೊಮ್ಮೆ ಅಳೆಯಬೇಕು. ಬೇರೆಯವನನ್ನು ಅಳೆದರೆ ಹೋಲಿಕೆಯು ಕೆಡುತ್ತದೆ. ಎರಡೂ ಅಳತೆಗಳನ್ನು ಒಂದೇ ಹಾಳೆಯಲ್ಲಿ ಬರೆದು, ಅವನು ತನ್ನ ಬಾಯಿಂದ ಹೇಳಿದ ನೋವಿನ ಸ್ಥಳವನ್ನೂ ದಿನಗಳನ್ನೂ ಕೆಳಗೆ ಗುರುತಿಸಿ, ಒಂದು ಪ್ರತಿಯನ್ನು ಕಾರ್ಖಾನೆಯ ವೈದ್ಯರಿಗೂ ಒಂದು ಪ್ರತಿಯನ್ನು ಕಾರ್ಮಿಕನಿಗೂ ಕೊಡತಕ್ಕದ್ದು. ಮುಂದೊಂದು ದಿನ ಅವನು ರಾಜ್ಯ ವಿಮಾ ಆಸ್ಪತ್ರೆಯ ಮೆಟ್ಟಿಲನ್ನು ಹತ್ತಬೇಕಾಗಿ ಬಂದರೆ, ಎಷ್ಟು ವರ್ಷಗಳಿಂದ ಎಷ್ಟು ತೂಕವನ್ನು ಎಷ್ಟು ದೂರದಿಂದ ಎತ್ತುತ್ತಿದ್ದೆ ಎಂಬ ಪ್ರಶ್ನೆಗೆ ಆ ಹಾಳೆಯೇ ಉತ್ತರವಾಗುತ್ತದೆ.